ಛೀಮಾರಿ ಹಾಕಬಹುದು, ಹೊರಗೆ ಹಾಕುವಂತಿಲ್ಲ

2021ರ ಅಕ್ಟೋಬರ್. ಲಾಸ್ ಏಂಜಲೀಸ್‌ನ ಕಾರ್ಮಿಕ ಸಂಘಗಳ ಒಕ್ಕೂಟದ ಕಚೇರಿಯಲ್ಲಿ ನಾಲ್ಕು ಜನ ಕೂತು ಮಾತಾಡುತ್ತಿದ್ದರು. ಮೂವರು ಆ ಊರಿನ ಸಿಟಿ ಕೌನ್ಸಿಲ್ ಸದಸ್ಯರು, ಇನ್ನೊಬ್ಬರು ಆ ಒಕ್ಕೂಟದ ಅಧ್ಯಕ್ಷ. ಮಾತು ವಾರ್ಡಿನ ಗಡಿಗಳ ಬಗ್ಗೆ. ಯಾವ ಬೀದಿ ಯಾರಿಗೆ, ಯಾವ ವಿಮಾನ ನಿಲ್ದಾಣ ಯಾರಿಗೆ, ಯಾವ ವಿಶ್ವವಿದ್ಯಾಲಯ ಯಾರ ಪಾಲಿಗೆ ಅಂತ ಲೆಕ್ಕಾಚಾರ ನಡೆದಿತ್ತು. ಹೊರಗಿನವರು ಯಾರೂ ಇಲ್ಲ, ಬಾಗಿಲು ಮುಚ್ಚಿದೆ, ಹಾಗಾಗಿ ನಾಲಿಗೆಗೂ ಕಡಿವಾಣ ಇರಲಿಲ್ಲ. ಆದರೆ ಯಾರೋ ರೆಕಾರ್ಡ್ ಮಾಡುತ್ತಿದ್ದರು.

ಒಂದು ವರ್ಷ ಆ ಆಡಿಯೋ ಎಲ್ಲೋ ಮಲಗಿತ್ತು. ಆಮೇಲೆ ಇಂಟರ್ನೆಟ್ಟಿಗೆ ಬಂತು, 2022ರ ಅಕ್ಟೋಬರ್ 9ರ ಭಾನುವಾರ ಅಲ್ಲಿನ ಪತ್ರಿಕೆ ‘ಲಾಸ್ ಏಂಜಲೀಸ್ ಟೈಮ್ಸ್’ ಅದನ್ನು ಸುದ್ದಿ ಮಾಡಿತು. ಊರಿಗೆ ಊರೇ ಹೊತ್ತಿಕೊಂಡಿತು. ಎರಡು ದಿನದಲ್ಲಿ ಅಮೆರಿಕದ ಅಧ್ಯಕ್ಷರ ಕಚೇರಿಯಿಂದಲೇ ‘ಇವರೆಲ್ಲ ರಾಜೀನಾಮೆ ಕೊಡಬೇಕು’ ಅನ್ನುವ ಮಾತು ಬಂತು. ಒಂದು ಪಾಲಿಕೆಯ ಜಗಳಕ್ಕೆ ದೇಶದ ಅಧ್ಯಕ್ಷ ಬಾಯಿ ಹಾಕುವುದು ದಿನಾ ನಡೆಯುವಂಥದ್ದಲ್ಲ.

ಅಷ್ಟಾದರೂ ಕೌನ್ಸಿಲ್‌ಗೆ ಆ ಮೂವರನ್ನು ತೆಗೆದುಹಾಕಲು ಆಗಲಿಲ್ಲ. ಮಾಡಲು ಆಗಿದ್ದು ಒಂದೇ, ಖಂಡನಾ ನಿರ್ಣಯ. ಅಲ್ಲಿ ಅದಕ್ಕೆ ಸೆನ್ಶರ್ ಅನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ‘ವಾಗ್ದಂಡನೆ’ ಅನ್ನುವ ಪದ ಕಂಡಿರುತ್ತೀರಿ. ಅದನ್ನು ನಾವು ಅಧ್ಯಕ್ಷರನ್ನೋ ನ್ಯಾಯಮೂರ್ತಿಗಳನ್ನೋ ಪದಚ್ಯುತಿ ಮಾಡುವ ಪ್ರಕ್ರಿಯೆಗೆ ಬಳಸಿಬಿಟ್ಟಿದ್ದೇವೆ. ಪದದ ಅರ್ಥ ನೋಡಿದರೆ ಮಾತಿನ ದಂಡನೆ, ಅಂದರೆ ಸೆನ್ಶರ್‌ಗೇ ಚೆನ್ನಾಗಿ ಒಪ್ಪುತ್ತಿತ್ತು. ಇರಲಿ, ದಿನಬಳಕೆಯ ಮಾತಲ್ಲಿ ಹೇಳುವುದಾದರೆ ಅದು ಛೀಮಾರಿ. ಸಭೆ ಸೇರಿ, ಮತ ಹಾಕಿ, ದಾಖಲೆಯಲ್ಲಿ ಬರೆಸಿ ಹಾಕುವ ಛೀಮಾರಿ.

ಇಷ್ಟಕ್ಕೆ ಯಾಕೆ ನಿಲ್ಲುತ್ತಾರೆ? ಇದರಿಂದ ಏನಾಗುತ್ತದೆ, ಏನಾಗುವುದಿಲ್ಲ? ಅದನ್ನು ನೋಡುವ ಮೊದಲು ಆ ನಾಲ್ವರು ಯಾರು, ಏನು ಮಾತಾಡಿದರು ಅನ್ನುವುದು ಗೊತ್ತಿರಬೇಕು.

ನೂರಿ ಮಾರ್ಟಿನೆಜ್, ಕೌನ್ಸಿಲ್ ಅಧ್ಯಕ್ಷೆ. ಮೆಕ್ಸಿಕೋದಿಂದ ವಲಸೆ ಬಂದವರ ಮಗಳು, ಆ ಕುರ್ಚಿಯಲ್ಲಿ ಕೂತ ಮೊದಲ ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಮಹಿಳೆ. ಕೆವಿನ್ ಡಿ ಲಿಯೋನ್, ಹಿಂದೆ ಕ್ಯಾಲಿಫೋರ್ನಿಯಾ ರಾಜ್ಯದ ಸೆನೆಟ್ ನಾಯಕ. ವಲಸಿಗರಿಗೆ ರಕ್ಷಣೆ ಕೊಡುವ 2017ರ ರಾಜ್ಯ ಕಾನೂನು ತಂದದ್ದು ಇವರೇ. ಗಿಲ್ ಸೆಡಿಯೋ, ದಾಖಲೆಯಿಲ್ಲದ ವಲಸಿಗರಿಗೂ ಡ್ರೈವಿಂಗ್ ಲೈಸೆನ್ಸ್ ಸಿಗಬೇಕು ಅಂತ ವರ್ಷಗಟ್ಟಲೆ ಹೋರಾಡಿದವರು. ನಾಲ್ಕನೆಯವರು ಕಾರ್ಮಿಕ ಒಕ್ಕೂಟದ ಅಧ್ಯಕ್ಷ ರಾನ್ ಹೆರೇರಾ. ನಾಲ್ವರೂ ಲ್ಯಾಟಿನೋ ನಾಯಕರು, ಮೂವರು ಸದಸ್ಯರೂ ಡೆಮಾಕ್ರಟಿಕ್ ಪಕ್ಷದವರು. ಬಿಳಿಯರು ಕರಿಯರನ್ನು ಬೈದ ಹಳೇ ಕಥೆ ಇದಲ್ಲ. ತಾವೇ ಭೇದಭಾವ ಉಂಡು ಬೆಳೆದವರು, ಅದರ ವಿರುದ್ಧ ಹೋರಾಡಿಯೇ ಹೆಸರು ಮಾಡಿದವರು ಬಾಗಿಲು ಮುಚ್ಚಿದ ಮೇಲೆ ಹೇಗೆ ಮಾತಾಡಿದರು ಅನ್ನುವ ಕಥೆ. ಜನಕ್ಕೆ ಅಷ್ಟು ಸಿಟ್ಟು ಬರಲು ಇದೂ ಒಂದು ಕಾರಣ.

ಅತಿ ಕೆಟ್ಟ ಮಾತು ಒಂದು ಮಗುವಿನ ಬಗ್ಗೆ. ಮೈಕ್ ಬೋನಿನ್ ಅಂತ ಇನ್ನೊಬ್ಬ ಸದಸ್ಯ, ಬಿಳಿಯ, ಸಲಿಂಗಿ. ಅವರು ಮತ್ತು ಅವರ ಸಂಗಾತಿ ದತ್ತು ತೆಗೆದುಕೊಂಡ ಮಗ ಕಪ್ಪು ಬಣ್ಣದ ಹುಡುಗ. ಮಾರ್ಟಿನ್ ಲೂಥರ್ ಕಿಂಗ್ ದಿನದ ಒಂದು ಮೆರವಣಿಗೆಯಲ್ಲಿ ಆ ಮಗು ವಾಹನದ ಮೇಲೆ ಗಲಾಟೆ ಮಾಡಿತಂತೆ. ಆಗ ಅದು ತೀರಾ ಪುಟ್ಟ ಮಗು. ಅದನ್ನು ನೆನೆಸಿಕೊಂಡು ಮಾರ್ಟಿನೆಜ್ ಸ್ಪ್ಯಾನಿಷ್‌ನಲ್ಲಿ ‘ಚಾಂಗಿತೋ ಥರ ಇದ್ದಾನೆ’ ಅಂದರು. ಚಾಂಗಿತೋ ಅಂದರೆ ಮರಿಕೋತಿ. ಆ ಹುಡುಗನಿಗೆ ನಾಲ್ಕು ಬಾರಿಸಬೇಕು ಅನ್ನುವ ಅರ್ಥದ ಮಾತೂ ಬಂತು. ಬೋನಿನ್ ಆ ಮಗುವನ್ನು ಅಲಂಕಾರದ ಸಾಮಾನಿನ ಹಾಗೆ ಹೊತ್ತು ತಿರುಗುತ್ತಾರೆ ಅಂದರು. ಡಿ ಲಿಯೋನ್ ಅದಕ್ಕೆ ಮಾರ್ಟಿನೆಜ್ ಅವರ ದುಬಾರಿ ಕೈಚೀಲದ ಹೋಲಿಕೆ ಕೊಟ್ಟರು.

ಇಲ್ಲಿ ಕನ್ನಡದವರಿಗೆ ಒಂದು ಅನುಮಾನ ಬರಬಹುದು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ‘ಏ ಕೋತಿ’, ‘ಮಂಗ ನನ್ಮಗನೆ’ ಅಂತ ದಿನಕ್ಕೆ ಹತ್ತು ಸಲ ಅನ್ನುತ್ತೇವೆ. ಕಪಿಚೇಷ್ಟೆ ಅಂತ ನಗುತ್ತೇವೆ. ಸ್ಪ್ಯಾನಿಷ್ ಮನೆಗಳಲ್ಲೂ ಈ ಪದ ಮುದ್ದಿಗೆ ಬಳಕೆಯಲ್ಲಿದೆ. ಹಾಗಾದರೆ ಇಷ್ಟೊಂದು ರಂಪ ಯಾಕೆ? ಯಾಕೆಂದರೆ ಅಮೆರಿಕದಲ್ಲಿ ಕರಿಯರನ್ನು ಕೋತಿಗೆ ಹೋಲಿಸುವುದಕ್ಕೆ ನೂರಾರು ವರ್ಷಗಳ ಇತಿಹಾಸ ಇದೆ. ಗುಲಾಮಗಿರಿಯ ಕಾಲದಲ್ಲಿ ‘ಇವರು ಪೂರ್ತಿ ಮನುಷ್ಯರಲ್ಲ’ ಅಂತ ಸಾಧಿಸಲು ಬಳಸಿದ ಮಾತು ಅದು. ಅದೇ ಪದವನ್ನು ನಿಮ್ಮ ಅಜ್ಜಿ ತನ್ನ ಮೊಮ್ಮಗನಿಗೆ ಅನ್ನುವುದು ಬೇರೆ, ಅಧಿಕಾರದಲ್ಲಿರುವವರು ಬೇರೆಯವರ ಕಪ್ಪು ಮಗುವಿಗೆ ಅನ್ನುವುದು ಬೇರೆ. ನಮ್ಮಲ್ಲೂ ಕೆಲವು ಜಾತಿಯ ಹೆಸರುಗಳು ಹಾಗೇ ಅಲ್ವಾ? ಒಬ್ಬರ ಬಾಯಲ್ಲಿ ಗುರುತು, ಇನ್ನೊಬ್ಬರ ಬಾಯಲ್ಲಿ ಬೈಗುಳ.

ಇನ್ನೊಂದು ಮಾತು ನಮಗೆ ಇನ್ನೂ ಹತ್ತಿರದ್ದು. ಕೊರಿಯಾಟೌನ್ ಅನ್ನುವ ಬಡಾವಣೆಯಲ್ಲಿ ಮೆಕ್ಸಿಕೋದ ದಕ್ಷಿಣದ ವಹಾಕಾ ರಾಜ್ಯದಿಂದ ಬಂದ ಜನ ತುಂಬಾ ಇದ್ದಾರೆ. ಸಾಪೊಟೆಕ್, ಮಿಶ್ಟೆಕ್ ಭಾಷೆ ಮಾತಾಡುವ ಮೂಲನಿವಾಸಿಗಳು. ಅವರ ಬಗ್ಗೆ ಮಾರ್ಟಿನೆಜ್ ಹೇಳಿದ್ದು: ಅಲ್ಲಿ ಕುಳ್ಳಗೆ ಕಪ್ಪಗಿನ ಜನ ಕಾಣಿಸುತ್ತಾರೆ, ನೋಡಲು ಚೆನ್ನಾಗಿಲ್ಲ. ಅವರೂ ಮೆಕ್ಸಿಕೋದವರೇ, ಇವರೂ ಮೆಕ್ಸಿಕೋ ಮೂಲದವರೇ. ಹುಡುಗಿ ನೋಡಲು ಹೋದಾಗ ‘ಬಣ್ಣ ಸ್ವಲ್ಪ ಕಮ್ಮಿ’ ಅನ್ನುವ ನಮ್ಮ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸರಿ, ವಾರ್ಡಿನ ಗಡಿ ಮಾತಾಡಲು ಕೂತವರಿಗೆ ಮಗುವಿನ ಬಣ್ಣ, ಕುಳ್ಳರ ಎತ್ತರ ಎಲ್ಲಾ ಯಾಕೆ ಬೇಕಿತ್ತು? ಸುದ್ದಿಯಲ್ಲಿ ಬೈಗುಳ ಮಾತ್ರ ಉಳಿದು ಈ ಭಾಗ ಹಿಂದೆ ಸರಿಯಿತು. ನನಗೆ ಮುಖ್ಯ ಅನ್ನಿಸುವುದು ಇದೇ.

ಲಾಸ್ ಏಂಜಲೀಸ್‌ನ ಜನಸಂಖ್ಯೆ ಸುಮಾರು 39 ಲಕ್ಷ. ಕೌನ್ಸಿಲ್ ಸದಸ್ಯರು ಎಷ್ಟು ಜನ? ಬರೀ 15. ಹಿಂದಿನ ಬಿಬಿಎಂಪಿಯಲ್ಲಿ 198 ವಾರ್ಡ್ ಇದ್ದವು ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಒಬ್ಬ ಸದಸ್ಯರ ಕೆಳಗೆ ಸುಮಾರು 2 ಲಕ್ಷ 60 ಸಾವಿರ ಜನ. ಹೆಸರಿಗೆ ಕಾರ್ಪೊರೇಟರ್, ಗಾತ್ರದಲ್ಲಿ ನಮ್ಮ ಒಬ್ಬ ಎಂಎಲ್ಎ. ಸಂಬಳ ವರ್ಷಕ್ಕೆ 2 ಲಕ್ಷ ಡಾಲರಿಗಿಂತ ಜಾಸ್ತಿ. ತನ್ನ ವಾರ್ಡಿನಲ್ಲಿ ಯಾವ ಕಟ್ಟಡ ಏಳಬೇಕು ಅನ್ನುವುದರಲ್ಲಿ ಆ ಸದಸ್ಯರ ಮಾತೇ ಹೆಚ್ಚು ಕಡಿಮೆ ಕೊನೆಯ ಮಾತು. ಇಷ್ಟು ದೊಡ್ಡ ಕುರ್ಚಿಗಳು ಇಷ್ಟು ಕಮ್ಮಿ ಇದ್ದರೆ ಕಿತ್ತಾಟ ಆಗದೆ ಇರುತ್ತದಾ?

ಹತ್ತು ವರ್ಷಕ್ಕೊಮ್ಮೆ ಜನಗಣತಿ ಮುಗಿದ ಮೇಲೆ ಗಡಿಗಳನ್ನು ಹೊಸದಾಗಿ ಎಳೆಯುತ್ತಾರೆ. 2021ರಲ್ಲಿ ಅದಕ್ಕೊಂದು ಸಮಿತಿ ಇತ್ತು, ಆದರೆ ಅದು ಸಲಹೆ ಕೊಡುವ ಸಮಿತಿ ಅಷ್ಟೇ. ಕೊನೆಗೆ ನಕ್ಷೆ ಒಪ್ಪುವುದು, ತಿದ್ದುವುದು ಕೌನ್ಸಿಲ್ಲೇ. ತಮ್ಮ ಹೊಲದ ಬದುವನ್ನು ತಾವೇ ಹಾಕಿಕೊಳ್ಳುವ ಏರ್ಪಾಡು. ಆ ಹೊತ್ತಿಗೆ ಊರಿನ ಜನರಲ್ಲಿ ಅರ್ಧದ ಹತ್ತಿರ ಲ್ಯಾಟಿನೋಗಳು, ಆದರೆ ಕೌನ್ಸಿಲ್‌ನಲ್ಲಿ ಲ್ಯಾಟಿನೋಗಳು ನಾಲ್ವರೇ. ಕರಿಯರು ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿ, ಅವರ ಕೈಯಲ್ಲಿ ಮೂರು ಕುರ್ಚಿ. ‘ನಮಗೆ ನ್ಯಾಯವಾಗಿ ಬರಬೇಕಾದ್ದು ಬಂದಿಲ್ಲ’ ಅನ್ನುವುದು ಆ ನಾಲ್ವರ ತಕರಾರು. ಆ ತಕರಾರಿನಲ್ಲಿ ಹುರುಳಿತ್ತು ಅಂತಲೇ ನನಗನ್ನಿಸುತ್ತದೆ. ಆದರೆ ಅವರು ಅದನ್ನು ಎಣಿಸಿದ ರೀತಿ ನೋಡಿ. ಬಿಳಿಯ ಬೋನಿನ್ ಅವರನ್ನು ಡಿ ಲಿಯೋನ್ ಕೌನ್ಸಿಲ್‌ನ ‘ನಾಲ್ಕನೇ ಕರಿಯ ಸದಸ್ಯ’ ಅಂದರು, ಅವರು ಆ ಮೂವರ ಪರ ನಿಲ್ಲುತ್ತಾರೆ ಅಂತ. ಅಂದರೆ ಆ ಕೋಣೆಯಲ್ಲಿ ಪ್ರತಿಯೊಬ್ಬ ಮನುಷ್ಯನೂ ಒಂದು ಬಣ್ಣದ ಖಾತೆಯಲ್ಲಿ ಬರೆದ ಮತ. ಮಗುವೂ ಅದೇ ಖಾತೆಗೆ ಸೇರಿತು.

ಇದರಲ್ಲಿ ಭಾರತದ ಎಳೆಯೂ ಒಂದಿದೆ. ಕೇರಳದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಹೋದ ನಿತ್ಯಾ ರಾಮನ್ 2020ರಲ್ಲಿ ಅಲ್ಲಿ ಕೌನ್ಸಿಲ್‌ಗೆ ಗೆದ್ದಿದ್ದರು. ನಗರ ಯೋಜನೆ ಓದಿದವರು, ಚೆನ್ನೈ ಮತ್ತು ದೆಹಲಿಯ ಕೊಳೆಗೇರಿಗಳಲ್ಲಿ ಕೆಲಸ ಮಾಡಿದವರು. ಬಾಡಿಗೆದಾರರೇ ಅವರ ಬಲ. ಆಡಿಯೋದಲ್ಲಿ ಅವರ ಹೆಸರೂ ಬರುತ್ತದೆ: ಕೊರಿಯಾಟೌನ್ ಪೂರ್ತಿ ಅವರಿಗೆ ಕೊಟ್ಟರೆ ಬಾಡಿಗೆದಾರರ ವಾರ್ಡ್ ಗಟ್ಟಿಯಾಗಿಬಿಡುತ್ತದೆ, ಅದು ನಮಗ್ಯಾರಿಗೂ ಒಳ್ಳೆಯದಲ್ಲ ಅನ್ನುವ ಲೆಕ್ಕ. ಆ ವರ್ಷದ ಕೊನೆಗೆ ಬಂದ ಹೊಸ ನಕ್ಷೆಯಲ್ಲಿ ಅವರ ವಾರ್ಡಿನ ಸುಮಾರು ನೂರಕ್ಕೆ 40ರಷ್ಟು ಜನ ಬೇರೆಡೆಗೆ ಹೋದರು. ಅವರನ್ನು ಆರಿಸಿದ ಜನರ ದೊಡ್ಡ ಪಾಲು ಒಂದು ಗೆರೆ ಎಳೆದದ್ದಕ್ಕೆ ಬೇರೆಯವರ ಮತದಾರರಾದರು.

ಈಗ 2022ರ ಆ ವಾರಕ್ಕೆ ಬರೋಣ. ಭಾನುವಾರ ಸುದ್ದಿ. ಸೋಮವಾರ ಮಾರ್ಟಿನೆಜ್ ಅಧ್ಯಕ್ಷ ಸ್ಥಾನ ಬಿಟ್ಟರು, ಸದಸ್ಯತ್ವ ಬಿಡಲಿಲ್ಲ. ಅದೇ ದಿನ ಹೆರೇರಾ ಒಕ್ಕೂಟದ ಅಧ್ಯಕ್ಷಗಿರಿಗೆ ರಾಜೀನಾಮೆ ಕೊಟ್ಟರು. ಮಂಗಳವಾರ ಕೌನ್ಸಿಲ್ ಸಭೆ. ಸಭಾಂಗಣ ಕಿಕ್ಕಿರಿದಿತ್ತು. ಜನ ಕೂಗುತ್ತಿದ್ದರು, ಆ ಮೂವರೂ ಹೋಗುವ ತನಕ ಸಭೆ ನಡೆಯಬಾರದು ಅಂತ ಪಟ್ಟು ಹಿಡಿದಿದ್ದರು. ಆ ಗದ್ದಲದ ನಡುವೆ ಬೋನಿನ್ ಎದ್ದು ನಿಂತು ಮಾತಾಡಿದರು. ಕಣ್ಣೀರು ಒರೆಸಿಕೊಳ್ಳುತ್ತಾ, ಮಧ್ಯೆ ಮಧ್ಯೆ ಮಾತು ನಿಲ್ಲಿಸುತ್ತಾ, ಒಬ್ಬ ಸದಸ್ಯನಾಗಿ ಅಲ್ಲ, ಅಪ್ಪನಾಗಿ. ಆ ವಿಡಿಯೋ ನೋಡಿದರೆ ರಾಜಕೀಯದ ಲೆಕ್ಕ ಎಲ್ಲಾ ಮರೆತುಹೋಗುತ್ತದೆ. ಬುಧವಾರದ ಸಭೆ ಗಲಾಟೆಯಲ್ಲಿ ನಡೆಯಲೇ ಇಲ್ಲ. ಅದೇ ಬುಧವಾರ, ಅಕ್ಟೋಬರ್ 12ರಂದು, ಮಾರ್ಟಿನೆಜ್ ಸದಸ್ಯತ್ವಕ್ಕೂ ರಾಜೀನಾಮೆ ಕೊಟ್ಟರು.

ಉಳಿದವರು ಇಬ್ಬರು, ಡಿ ಲಿಯೋನ್ ಮತ್ತು ಸೆಡಿಯೋ. ಇಬ್ಬರೂ ಕ್ಷಮೆ ಕೇಳಿದರು. ಆದರೆ ಜಪ್ಪಯ್ಯ ಅಂದರೂ ಕುರ್ಚಿ ಬಿಡಲಿಲ್ಲ.

ಇಲ್ಲಿಂದ ಕಾನೂನಿನ ವಿಷಯ. ನಗರದ ಸಂವಿಧಾನ ಅನ್ನಬಹುದಾದ ದಾಖಲೆಗೆ ಅಲ್ಲಿ ಚಾರ್ಟರ್ ಅನ್ನುತ್ತಾರೆ. ಆ ಚಾರ್ಟರ್ ಪ್ರಕಾರ, ಆಡಿದ ಮಾತಿಗಾಗಿ ಒಬ್ಬ ಸದಸ್ಯನನ್ನು ಕಿತ್ತುಹಾಕುವ ಅಧಿಕಾರ ಉಳಿದ ಸದಸ್ಯರಿಗೆ ಇಲ್ಲ. ಕ್ರಿಮಿನಲ್ ಮೊಕದ್ದಮೆ ಬಿದ್ದಾಗ ಅಮಾನತು ಮಾಡಬಹುದು. ಅದಕ್ಕೆ ಉದಾಹರಣೆಯೂ ಆಗಷ್ಟೇ ಕಣ್ಣೆದುರಿಗಿತ್ತು: ಭ್ರಷ್ಟಾಚಾರದ ಆರೋಪಪಟ್ಟಿ ಬಂದ ಮೇಲೆ ಮಾರ್ಕ್ ರಿಡ್ಲಿ ಥಾಮಸ್ ಅನ್ನುವ ಸದಸ್ಯರನ್ನು 2021ರ ಅಕ್ಟೋಬರ್‌ನಲ್ಲೇ ಅಮಾನತು ಮಾಡಿದ್ದರು. ಆದರೆ ಈ ಆಡಿಯೋದಲ್ಲಿ ಅಪರಾಧ ಏನು? ಕೆಟ್ಟ ಮಾತು ಆಡುವುದು ಅಮೆರಿಕದಲ್ಲಿ ಸಾಮಾನ್ಯವಾಗಿ ಅಪರಾಧವೇ ಅಲ್ಲ. ತಮಾಷೆ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತುಕತೆಯನ್ನು ಎಲ್ಲರ ಒಪ್ಪಿಗೆ ಇಲ್ಲದೆ ಕದ್ದು ರೆಕಾರ್ಡ್ ಮಾಡುವುದು ಅಪರಾಧ. ಅಂದರೆ ಕಾನೂನಿನ ಕಣ್ಣಲ್ಲಿ ತಪ್ಪಿತಸ್ಥ ಆಗಬಹುದಾದವನು ಮಾತಾಡಿದವನಲ್ಲ, ರೆಕಾರ್ಡ್ ಮಾಡಿದವನು.

ನಮ್ಮಲ್ಲಿ ದಾರಿ ಬೇರೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ವಿಷಯ ನೇರ ಪೊಲೀಸ್ ಠಾಣೆಗೆ ಹೋಗುತ್ತದೆ. ಆದರೆ ಅದಕ್ಕೂ ಒಂದು ಷರತ್ತಿದೆ. ಬೈದದ್ದು ಸಾರ್ವಜನಿಕರ ಕಣ್ಣೆದುರು ಆಗಿರಬೇಕು. ನಾಲ್ಕು ಗೋಡೆಯ ನಡುವೆ ಆಡಿದ್ದಕ್ಕೆ ಅದು ಅನ್ವಯಿಸುವುದಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟೇ 2020ರಲ್ಲಿ ಹೇಳಿದೆ. ಅಂದರೆ ಇಂಥದೇ ಒಂದು ಮುಚ್ಚಿದ ಕೋಣೆ ನಮ್ಮೂರಲ್ಲಿ ಇದ್ದಿದ್ದರೂ ಕೇಸು ನಿಲ್ಲುವುದು ಅಷ್ಟು ಸುಲಭ ಇರುತ್ತಿರಲಿಲ್ಲ.

ಸರಿ, ಚಾರ್ಟರ್ ತಿದ್ದಿ ‘ಜನಾಂಗೀಯ ಮಾತಾಡಿದವರನ್ನು ತೆಗೆಯಬಹುದು’ ಅಂತ ಸೇರಿಸಿದರೆ? ಕೇಳಲು ಚೆನ್ನಾಗಿದೆ. ಆದರೆ 1966ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ನಡೆದದ್ದನ್ನು ಕೇಳಿ. ಜೂಲಿಯನ್ ಬಾಂಡ್ ಅನ್ನುವ ಕರಿಯ ಯುವಕ ಚುನಾವಣೆ ಗೆದ್ದು ರಾಜ್ಯದ ಸದನಕ್ಕೆ ಬಂದ. ವಿಯೆಟ್ನಾಂ ಯುದ್ಧದ ವಿರುದ್ಧದ ಒಂದು ಹೇಳಿಕೆಗೆ ಅವನು ದನಿಗೂಡಿಸಿದ್ದ. ಅದನ್ನೇ ನೆಪ ಮಾಡಿ ಸದನ ಅವನಿಗೆ ಪ್ರಮಾಣವಚನವನ್ನೇ ಕೊಡಿಸಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು: ಆಡಿದ ಮಾತಿಗಾಗಿ ಗೆದ್ದವನನ್ನು ಬಾಗಿಲಾಚೆ ನಿಲ್ಲಿಸುವ ಹಾಗಿಲ್ಲ. ಬಹುಮತದ ಕೈಗೆ ಕತ್ತರಿ ಕೊಟ್ಟರೆ ಅದು ಮೊದಲು ಕತ್ತರಿಸುವುದು ಯಾರನ್ನು ಅನ್ನುವುದಕ್ಕೆ ಬಾಂಡ್ ಒಬ್ಬ ಸಾಕ್ಷಿ. ಇವತ್ತು ಜನಾಂಗೀಯ ಮಾತಿಗೆ ಅಂತ ತಂದ ನಿಯಮವನ್ನು ನಾಳೆ ‘ಪೊಲೀಸರನ್ನು ಬೈದ’, ‘ಸೈನ್ಯವನ್ನು ಟೀಕಿಸಿದ’ ಅಂತ ಇನ್ಯಾರ ಮೇಲೋ ಬಳಸಬಹುದು. ಜನ ಆರಿಸಿದವನನ್ನು ಜನರೇ ಇಳಿಸಬೇಕು ಅನ್ನುವ ಹಠ ಅಲ್ಲಿಂದ ಬಂದದ್ದು.

ಹಾಗಾಗಿ ಕೈಗೆ ಸಿಕ್ಕ ಆಯುಧ ಖಂಡನೆ ಮಾತ್ರ. ಸದಸ್ಯರ ನಡತೆ ತೀರಾ ಕೆಳಗಿಳಿದಾಗ, ಅದು ಪದಚ್ಯುತಿಗೆ ಸಾಲದಿದ್ದರೂ, ಹೀಗೆ ನಿರ್ಣಯ ಮಾಡಬಹುದು ಅಂತ ಚಾರ್ಟರ್‌ನಲ್ಲೇ ಇದೆ. 2022ರ ಅಕ್ಟೋಬರ್ 26ರಂದು ಮತಕ್ಕೆ ಹಾಕಿದರು. ಪರ 12, ವಿರುದ್ಧ ಸೊನ್ನೆ. ಅಷ್ಟೊತ್ತಿಗೆ ರಾಜೀನಾಮೆ ಕೊಟ್ಟು ಹೋಗಿದ್ದ ಮಾರ್ಟಿನೆಜ್ ಅವರನ್ನೂ ಸೇರಿಸಿ ಮೂವರಿಗೂ ಛೀಮಾರಿ ಬಿತ್ತು.

ಮಾರನೇ ದಿನದಿಂದ ಏನು ಬದಲಾಯಿತು? ಏನೂ ಇಲ್ಲ. ಸಂಬಳ ಹಾಗೇ, ಕಚೇರಿ ಹಾಗೇ, ಮತದ ಹಕ್ಕೂ ಹಾಗೇ. ಇಬ್ಬರನ್ನೂ ಕೌನ್ಸಿಲ್‌ನ ಸಮಿತಿಗಳಿಂದ ತೆಗೆದದ್ದು ಹೌದು, ಆದರೆ ಅದು ಖಂಡನೆಯಿಂದ ಆದದ್ದಲ್ಲ. ಸಮಿತಿಗೆ ಯಾರನ್ನು ಹಾಕಬೇಕು, ಯಾರನ್ನು ತೆಗೆಯಬೇಕು ಅನ್ನುವುದು ಅಧ್ಯಕ್ಷರ ಕೈಯಲ್ಲಿರುವ ವಿಷಯ. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಸಮಿತಿಯಲ್ಲಿ ಕೂರುವುದು ಸಹೋದ್ಯೋಗಿಗಳು ಕೊಟ್ಟ ಜಾಗ, ಅದನ್ನು ಅವರು ವಾಪಸ್ ತೆಗೆದುಕೊಳ್ಳಬಹುದು. ಕೌನ್ಸಿಲ್‌ನಲ್ಲಿ ಕೂರುವುದು ಮತದಾರರು ಕೊಟ್ಟ ಜಾಗ.

ಹಾಗಾದರೆ ಖಂಡನೆಯೂ ಮಾತಿಗೆ ಹಾಕಿದ ಶಿಕ್ಷೆಯೇ ಅಲ್ವಾ, ಅದು ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಿ ಅಲ್ವಾ ಅಂತ ಯಾರಾದರೂ ಕೇಳಬಹುದು. ಕೇಳಿದ್ದರು ಕೂಡ. ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಒಂದು ಸಮುದಾಯ ಕಾಲೇಜಿನ ಆಡಳಿತ ಮಂಡಳಿ ಇದೆ, ಅದಕ್ಕೆ ಜನರೇ ಸದಸ್ಯರನ್ನು ಆರಿಸುತ್ತಾರೆ. ಡೇವಿಡ್ ವಿಲ್ಸನ್ ಅನ್ನುವ ಸದಸ್ಯ ತನ್ನ ಮಂಡಳಿಯ ಮೇಲೇ ಕೇಸು ಹಾಕಿದ, ಊರಿಗೆಲ್ಲ ರೆಕಾರ್ಡ್ ಮಾಡಿದ ಫೋನ್ ಕರೆ ಮಾಡಿಸಿದ, ಸಹ ಸದಸ್ಯೆಯೊಬ್ಬರ ಹಿಂದೆ ಖಾಸಗಿ ಪತ್ತೇದಾರನನ್ನು ಬಿಟ್ಟ. 2018ರಲ್ಲಿ ಮಂಡಳಿ ಅವನಿಗೆ ಛೀಮಾರಿ ಹಾಕಿತು. ‘ನನ್ನ ಬಾಯಿ ಮುಚ್ಚಿಸುತ್ತಿದ್ದಾರೆ’ ಅಂತ ಅವನು ಕೋರ್ಟಿಗೆ ಹೋದ, ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 2022ರ ಮಾರ್ಚ್ 24ರಂದು, ಅಂದರೆ ಲಾಸ್ ಏಂಜಲೀಸ್ ಗಲಾಟೆಗೆ ಸುಮಾರು ಆರೂವರೆ ತಿಂಗಳು ಮುಂಚೆ, ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ಮಾತು ಹೇಳಿದರು: ಬರೀ ಖಂಡನೆಯಿಂದ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಇಲ್ಲ. ಕಾರಣ ಸರಳ. ನಿನಗೆ ಮಾತಾಡುವ ಹಕ್ಕಿದ್ದರೆ, ‘ನೀನಾಡಿದ್ದು ನಾಚಿಕೆಗೇಡು’ ಅನ್ನುವ ಹಕ್ಕು ಅವರಿಗೂ ಇದೆ. ಚುನಾವಣೆಗೆ ನಿಂತು ಗೆದ್ದವನಿಗೆ ಅಷ್ಟೂ ತಡೆದುಕೊಳ್ಳುವ ಚರ್ಮ ಇರಬೇಕು.

ಆದರೆ ಆ ತೀರ್ಪಿನಲ್ಲಿ ಒಂದು ಕಂಡಿ ಉಳಿಯಿತು. ಮಂಡಳಿ ವಿಲ್ಸನ್‌ಗೆ ಬೈಗುಳದ ಜತೆಗೆ ಕೆಲವು ಸವಲತ್ತುಗಳನ್ನೂ ಕತ್ತರಿಸಿತ್ತು. ಅದರ ಬಗ್ಗೆ ಸುಪ್ರೀಂ ಕೋರ್ಟ್ ಏನೂ ಹೇಳಲಿಲ್ಲ. ಮಾತಿನ ಛೀಮಾರಿ ಸರಿ ಅಂದಿತು, ಅಷ್ಟೇ. ಛೀಮಾರಿಗೆ ಬಾಲ ಸೇರಿಸಿದರೆ?

ಆ ಪ್ರಶ್ನೆ ಮೂರು ವರ್ಷದ ನಂತರ ಫ್ಲಾರಿಡಾದಲ್ಲಿ ಎದ್ದಿತು, ಅದೂ ನಮ್ಮವರ ವಿಷಯದಲ್ಲೇ. ಪಾಮ್ ಬೇ ಅಂತ ಒಂದು ಊರು. ಅಲ್ಲಿನ ಕೌನ್ಸಿಲ್ ಸದಸ್ಯ ಚಾಂಡ್ಲರ್ ಲ್ಯಾಂಗೆವಿನ್ 2025ರಲ್ಲಿ ಎಕ್ಸ್‌ನಲ್ಲಿ ಭಾರತೀಯರ ವಿರುದ್ಧ ಒಂದರ ಮೇಲೊಂದು ಪೋಸ್ಟ್ ಹಾಕಿದ. ಭಾರತೀಯರ ವೀಸಾ ಎಲ್ಲಾ ರದ್ದು ಮಾಡಿ ಗಡೀಪಾರು ಮಾಡಬೇಕು ಅನ್ನುವ ಧಾಟಿಯ ಮಾತುಗಳು. ಇದು ಮುಚ್ಚಿದ ಕೋಣೆಯಲ್ಲ, ಬೀದಿಯಲ್ಲಿ ನಿಂತು ಕೂಗಿದ್ದು. ಅಲ್ಲಿನ ಭಾರತೀಯರು ಕೌನ್ಸಿಲ್ ಸಭೆಗೆ ಬಂದು ಮೈಕ್ ಮುಂದೆ ನಿಂತು ಆಕ್ಷೇಪ ಹೇಳಿದರು. ಅಕ್ಟೋಬರ್‌ನಲ್ಲಿ ಐದು ಜನರ ಕೌನ್ಸಿಲ್ 3-2ರಲ್ಲಿ ಖಂಡನೆ ಮಾಡಿತು. ಜತೆಗೆ ಬಾಲವೂ ಬಂತು: ಇನ್ನು ಮೇಲೆ ಆತ ಸಭೆಯ ಅಜೆಂಡಾದಲ್ಲಿ ವಿಷಯ ಸೇರಿಸಬೇಕಾದರೆ ಉಳಿದವರ ಒಪ್ಪಿಗೆ ಬೇಕು, ಸಮಿತಿಗಳಲ್ಲಿ ಜಾಗ ಇಲ್ಲ. ಆತ ಸುಮ್ನೆ ಇರಲಿಲ್ಲ, ವಾಕ್ ಸ್ವಾತಂತ್ರ್ಯದ ಹೆಸರಲ್ಲಿ ಊರಿನ ಮೇಲೇ ಕೋರ್ಟಿಗೆ ಹೋದ.

ಈ ಎರಡನ್ನೂ ಪಕ್ಕ ಪಕ್ಕ ಇಟ್ಟರೆ ವಿಷಯ ತಿಳಿಯಾಗುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಖಂಡನೆ ಬರೀ ಮಾತು, ಅದಕ್ಕೇ ಕಾನೂನಿನ ತಂಟೆ ಇಲ್ಲ. ಪಾಮ್ ಬೇಯಲ್ಲಿ ಅದಕ್ಕೆ ಹಲ್ಲು ಕೂರಿಸಲು ಹೋದರು, ಹಲ್ಲು ಬಂದ ಕೂಡಲೇ ವಕೀಲರೂ ಬಂದರು. ಅಜೆಂಡಾಕ್ಕೆ ವಿಷಯ ಸೇರಿಸುವುದು ಸದಸ್ಯನ ಸ್ವಂತ ಸವಲತ್ತಾ, ಅಥವಾ ಅವನನ್ನು ಕಳಿಸಿದ ಜನರ ಹಕ್ಕಾ? ಎರಡನೆಯದು ಅನ್ನುವುದಾದರೆ ಬೈಗುಳ ಆಡಿದ್ದು ಅವನು, ದಂಡ ಬಿದ್ದದ್ದು ಅವನ ಮತದಾರರಿಗೆ.

ಅದು ಸುಮ್ನೆ ವಾದ ಅಲ್ಲ. ಮಾರ್ಟಿನೆಜ್ ರಾಜೀನಾಮೆ ಕೊಟ್ಟದ್ದು ಎಲ್ಲರೂ ಬಯಸಿದ್ದೇ. ಆದರೆ ಅವರ ವಾರ್ಡಿಗೆ ಹೊಸ ಸದಸ್ಯೆ ಆರಿಸಿ ಬಂದದ್ದು 2023ರ ಜೂನ್‌ನ ಚುನಾವಣೆಯಲ್ಲಿ. ಅಲ್ಲಿಯ ತನಕ ಒಬ್ಬ ಅಧಿಕಾರಿ ಉಸ್ತುವಾರಿ ನೋಡಿಕೊಂಡರು. ರಸ್ತೆಗುಂಡಿ, ಕಸದ ದೂರು ಕೇಳಬಹುದಿತ್ತು, ಕೌನ್ಸಿಲ್‌ನಲ್ಲಿ ಮತ ಹಾಕುವಂತಿರಲಿಲ್ಲ. ಎರಡೂವರೆ ಲಕ್ಷಕ್ಕೂ ಜಾಸ್ತಿ ಜನ, ಬಹುಪಾಲು ದುಡಿಯುವ ಲ್ಯಾಟಿನೋ ಕುಟುಂಬಗಳು, ಎಂಟು ತಿಂಗಳು ದನಿಯಿಲ್ಲದೆ ಇದ್ದರು. 15 ಕುರ್ಚಿಯ ಕೌನ್ಸಿಲ್‌ನಲ್ಲಿ ಒಂದು ಖಾಲಿಯಾದರೆ ಹಾಗೇ ಆಗುತ್ತದೆ.

ಸೆಡಿಯೋ ವಿಷಯ ಬೇಗ ಮುಗಿಯಿತು. ಆಡಿಯೋ ಬರುವ ಮೊದಲೇ, ಆ ವರ್ಷದ ಜೂನ್‌ನಲ್ಲಿ, ಅವರು ಚುನಾವಣೆ ಸೋತಿದ್ದರು. ಡಿಸೆಂಬರ್‌ನಲ್ಲಿ ಅವಧಿ ಮುಗಿದು ಮನೆಗೆ ಹೋದರು. ಕೊನೇ ದಿನದ ತನಕ ರಾಜೀನಾಮೆ ಕೊಡಲಿಲ್ಲ.

ಡಿ ಲಿಯೋನ್ ಕಥೆ ಉದ್ದ. ಅವರ ಅವಧಿ ಇನ್ನೂ ಎರಡು ವರ್ಷ ಇತ್ತು. ಸುಮಾರು ಎರಡು ತಿಂಗಳು ಸಭೆಯ ಕಡೆ ಮುಖ ಹಾಕಲಿಲ್ಲ. ಡಿಸೆಂಬರ್ 9ರಂದು ವಾಪಸ್ ಬಂದಾಗ ಕೆಲವು ಸದಸ್ಯರು ಎದ್ದು ಹೊರನಡೆದರು, ಗ್ಯಾಲರಿಯಲ್ಲಿ ಮತ್ತೆ ಕೂಗಾಟ. ಅದೇ ಸಂಜೆ ತಮ್ಮ ವಾರ್ಡಿನಲ್ಲಿ ಮಕ್ಕಳಿಗೆ ಹಬ್ಬದ ಆಟಿಕೆ ಹಂಚುವ ಕಾರ್ಯಕ್ರಮಕ್ಕೆ ಹೋದರು. ಪ್ರತಿಭಟನಾಕಾರರು ಅಲ್ಲಿಗೂ ಬಂದರು, ತಳ್ಳಾಟ ಕೈಕೈ ಮಿಲಾಯಿಸುವ ತನಕ ಹೋಯಿತು. ಅದರ ವಿಡಿಯೋ ಇನ್ನೊಂದು ಸುತ್ತು ಓಡಿತು.

ಕುರ್ಚಿಯಿಂದ ಇಳಿಸಲು ಮತದಾರರಿಗೆ ಒಂದು ದಾರಿ ಇತ್ತು, ರೀಕಾಲ್. ಗೊತ್ತಾದ ಸಂಖ್ಯೆಯ ಮತದಾರರ ಸಹಿ ಗೊತ್ತಾದ ಸಮಯದೊಳಗೆ ತಂದರೆ ಮಧ್ಯದಲ್ಲೇ ಚುನಾವಣೆ ನಡೆಸಿ ವಾಪಸ್ ಕರೆಸಬಹುದು. ಪ್ರಯತ್ನ ನಡೆಯಿತು, ಸಹಿ ಸಾಲಲಿಲ್ಲ. ದೇಶವೇ ಬೈದ ಮನುಷ್ಯನ ವಿರುದ್ಧ ಅವನ ಸ್ವಂತ ವಾರ್ಡಿನಲ್ಲಿ ಅಷ್ಟು ಸಹಿ ಸಿಗಲಿಲ್ಲ ಅನ್ನುವುದನ್ನು ಹೇಗೆ ಓದಬೇಕೋ ನೀವೇ ಯೋಚಿಸಿ. ಅವರು ಅಲ್ಲಿ ಆಹಾರ ಹಂಚಿದ್ದರು, ಮನೆಯಿಲ್ಲದವರಿಗೆ ಸೂರು ಮಾಡಿಸಿದ್ದರು, ಜನಕ್ಕೆ ಅದೂ ನೆನಪಿತ್ತು. ಟಿವಿಯಲ್ಲಿ ಕೇಳಿಸುವ ಸಿಟ್ಟು ಒಂದು, ಮನೆಬಾಗಿಲಲ್ಲಿ ಸಿಗುವ ಸಹಿ ಇನ್ನೊಂದು. ಕೊನೆಗೆ ಅವರು 2024ರಲ್ಲಿ ಮತ್ತೆ ಚುನಾವಣೆಗೇ ನಿಂತರು! ಮಾರ್ಚ್‌ನ ಮೊದಲ ಸುತ್ತು ದಾಟಿದರು ಕೂಡ. ನವೆಂಬರ್‌ನಲ್ಲಿ ಬಾಡಿಗೆದಾರರ ಪರ ವಕೀಲಿಕೆ ಮಾಡುತ್ತಿದ್ದ ಇಸಾಬೆಲ್ ಹುರಾಡೋ ಎದುರು ಸೋತರು. ಅವರನ್ನು ಹೊರಗೆ ಹಾಕುವ ಅಧಿಕಾರ ಯಾರ ಕೈಯಲ್ಲಿತ್ತೋ ಅವರೇ ಹಾಕಿದರು, ಎರಡು ವರ್ಷ ತಡವಾಗಿ.

ಅಂದಹಾಗೆ ನಿತ್ಯಾ ರಾಮನ್, ಅಷ್ಟು ಮತದಾರರನ್ನು ಕಳೆದುಕೊಂಡ ಮೇಲೂ, 2024ರ ಮಾರ್ಚ್‌ನಲ್ಲೇ ಮತ್ತೆ ಗೆದ್ದರು.

ಈಗ ಆ ನಕ್ಷೆಯ ಮಾತು. ಇಷ್ಟೆಲ್ಲ ಆದರೂ 2021ರ ಕೊನೆಗೆ ಒಪ್ಪಿದ ಗಡಿಗಳು ಹಾಗೇ ಉಳಿದವು. ಆಡಿದ ಮಾತಿಗೆ ಛೀಮಾರಿ ಬಿತ್ತು, ಯಾವ ಕೆಲಸಕ್ಕಾಗಿ ಆ ಮಾತು ಬಂತೋ ಆ ಕೆಲಸ ಅಳಿಯದೆ ಉಳಿಯಿತು. ನಂತರದ ಚುನಾವಣೆಗಳು ಅದೇ ನಕ್ಷೆಯ ಮೇಲೆ ನಡೆದವು. ಖಂಡನಾ ನಿರ್ಣಯಕ್ಕೆ ಗೆರೆ ಅಳಿಸುವ ಶಕ್ತಿ ಇಲ್ಲ. ಬದಲಾದದ್ದು ಮುಂದಿನ ಸಲದ ವಿಷಯ: 2024ರ ನವೆಂಬರ್‌ನಲ್ಲಿ, ಡಿ ಲಿಯೋನ್ ಸೋತ ಅದೇ ಮತಪತ್ರದಲ್ಲಿ, ವಾರ್ಡಿನ ಗಡಿ ಎಳೆಯುವ ಕೆಲಸವನ್ನು ಕೌನ್ಸಿಲ್‌ನಿಂದ ಕಿತ್ತು ಸ್ವತಂತ್ರ ಆಯೋಗಕ್ಕೆ ಕೊಡಬೇಕಾ ಅಂತ ಕೇಳಿದ್ದರು. ಜನ ದೊಡ್ಡ ಅಂತರದಲ್ಲಿ ಹೌದು ಅಂದರು. 2030ರ ಜನಗಣತಿಯ ನಂತರದ ನಕ್ಷೆಯನ್ನು ಆ ಆಯೋಗ ಬರೆಯುತ್ತದೆ. ಕುರ್ಚಿಗಳ ಸಂಖ್ಯೆ ಜಾಸ್ತಿ ಮಾಡುವ ಪ್ರಶ್ನೆ ಮಾತ್ರ ಆ ಮತಪತ್ರದಲ್ಲಿ ಇರಲಿಲ್ಲ. 1925ರ ಚಾರ್ಟರ್‌ನಲ್ಲಿ 15 ಅಂತ ಬರೆದಿದ್ದರು, ಆಗ ಆ ಊರು ಈಗಿನದಕ್ಕಿಂತ ಎಷ್ಟೋ ಪಾಲು ಸಣ್ಣದಿತ್ತು.